ಬಾಡಿಗೆ ಬಂದರೆ ಮಾತ್ರ ಸಂಬಳ: ಮೆಡಿಟರೇನಿಯನ್‌ನಲ್ಲಿ ಇಂಗ್ಲಿಷ್ ಹಡಗುಗಳ ಜಗಳದ ಕಥೆ



ಇವತ್ತಿನ ಕಥೆ ನಾನೂರು ವರ್ಷ ಹಿಂದಿನದು, ಸಮುದ್ರದ್ದು. ಆದರೆ ನನ್ನ ಮಟ್ಟಿಗೆ ಅದು ಶುರುವಾಗಿದ್ದು ಒಂದು ಲಾರಿಯಿಂದ.

ಬಿ.ಕಾಂ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ, ಬಿಲ್ಲಿಂಗ್ ಸೀಟು. ಒಂದು ಸಲ ಟೈಲ್ಸ್ ಲೋಡ್ ತಂದ ಲಾರಿ ಶುಕ್ರವಾರ ರಾತ್ರಿ ಬಂದು ನಿಂತಿತು. ಗೋಡೌನ್ ಗೇಟ್ ತೆರೆದಿದ್ದು ಸೋಮವಾರ ಮಧ್ಯಾಹ್ನ. ಅನ್‌ಲೋಡ್ ಮಾಡುವಾಗ ಐದು ಬಾಕ್ಸ್ ಒಡೆದಿದ್ದವು. ಪಾರ್ಟಿಯವರು ಹಾಲ್ಟಿಂಗ್ ಚಾರ್ಜ್ ಕೊಡಲ್ಲ ಅಂದರು, ಡ್ಯಾಮೇಜ್ ದುಡ್ಡನ್ನ ಬಾಡಿಗೆಯಲ್ಲೇ ಮುರ್ಕೊಂಡರು. ನಮ್ಮ ಆಫೀಸು ಅದನ್ನ ಹಾಗೇ ಡ್ರೈವರ್ ಲೆಕ್ಕಕ್ಕೆ ತಳ್ಳಿತು. ಆ ಡೆಬಿಟ್ ಎಂಟ್ರಿ ಟೈಪ್ ಮಾಡಿದ್ದು ನಾನೇ. ಡ್ರೈವರ್ ಅಣ್ಣ ಕೌಂಟರ್ ಹತ್ತಿರ ಬಂದು ಕೂಗಾಡಲಿಲ್ಲ. "ಸಾರ್, ಗೇಟ್ ಹಾಕಿದ್ದು ನಾನಾ?" ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆ ಹಳೇದು. ಸರಕು ಕಳಿಸೋನು ಒಬ್ಬ, ಗಾಡಿ ಇರೋನು ಇನ್ನೊಬ್ಬ, ಓಡಿಸೋನು ಮೂರನೆಯವನು. ದಾರೀಲಿ ಏನಾದರೂ ಎಡವಟ್ಟಾದರೆ ಯಾರ ಜೇಬಿಗೆ ಕತ್ತರಿ? 16 ಮತ್ತು 17ನೇ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಹಡಗುಗಳ ಬಾಡಿಗೆ ಜಗಳಗಳೆಲ್ಲ ಸುತ್ತಿ ಸುತ್ತಿ ಇದೇ ಪ್ರಶ್ನೆಗೆ ಬಂದು ನಿಲ್ತವೆ.

ಒಣದ್ರಾಕ್ಷಿ ಹುಡುಕಿಕೊಂಡು ಬಂದವರು

ಮೊದಲು ಜಾಗ ಪರಿಚಯ ಮಾಡ್ಕೊಳ್ಳೋಣ. ಮೆಡಿಟರೇನಿಯನ್ ಅಂದರೆ ಯುರೋಪ್, ಆಫ್ರಿಕಾ, ಟರ್ಕಿ, ಈ ಮೂರರ ನಡುವಿನ ಸಮುದ್ರ. ಶತಮಾನಗಳ ಕಾಲ ಅಲ್ಲಿನ ವ್ಯಾಪಾರದಲ್ಲಿ ದೊಡ್ಡ ಹೆಸರು ವೆನಿಸ್. ಇಂಗ್ಲಿಷರು ಅಲ್ಲಿ ಹೊಸಬರು. 1570ರ ದಶಕದಿಂದ ಅವರ ಹಡಗುಗಳು ಹೆಚ್ಚಾಗಿ ಒಳಗೆ ಬರತೊಡಗಿದವು. 1581ರಲ್ಲಿ ರಾಣಿ ಎಲಿಜಬೆತ್ ಟರ್ಕಿಯ ಜೊತೆ ವ್ಯಾಪಾರ ಮಾಡೋಕೆ ಲಂಡನ್ನಿನ ಕೆಲವು ವರ್ತಕರಿಗೆ ಪರವಾನಗಿ ಕೊಟ್ಟಳು. 1592ರಲ್ಲಿ ಅದು ವೆನಿಸ್ ವ್ಯಾಪಾರದವರ ಕಂಪನಿ ಜೊತೆ ಸೇರಿ ಲೆವಂಟ್ ಕಂಪನಿ ಆಯಿತು.

ಅವರಿಗೆ ಬೇಕಾಗಿದ್ದ ಸರಕುಗಳಲ್ಲಿ ಒಂದು ಕೇಳಿದರೆ ನಗು ಬರುತ್ತೆ: ಒಣದ್ರಾಕ್ಷಿ. ಕೇಕಿಗೆ ಹಾಕೋ ಸಣ್ಣ ಕಪ್ಪು ದ್ರಾಕ್ಷಿ. ಅದು ಬೆಳೀತಿದ್ದದ್ದು ವೆನಿಸ್ ಕೈಯಲ್ಲಿದ್ದ ಜಾಂಟೆ, ಕೆಫಲೋನಿಯಾ ಅನ್ನೋ ದ್ವೀಪಗಳಲ್ಲಿ, ಅಂದರೆ ಇವತ್ತಿನ ಗ್ರೀಸ್‌ನಲ್ಲಿ. ಇಂಗ್ಲಿಷರಿಗೆ ಅದರ ಹುಚ್ಚು ಎಷ್ಟಿತ್ತು ಅಂದರೆ, ಪರದೇಶಿ ಹಡಗಿನಲ್ಲಿ ದ್ರಾಕ್ಷಿ ಹೊರಗೆ ಹೋಗಬಾರದು ಅಂತ ವೆನಿಸ್ 1580ರಲ್ಲಿ ಹೆಚ್ಚುವರಿ ಸುಂಕ ಹಾಕಿತು. ಆದರೂ ಇಂಗ್ಲಿಷರು ಬರೋದು ನಿಲ್ಲಿಸಲಿಲ್ಲ.

ಎರಡನೇ ಜಾಗ ಇಟಲಿಯ ಲಿವೊರ್ನೊ ಬಂದರು. ಇಂಗ್ಲಿಷರ ಬಾಯಲ್ಲಿ ಅದು ಲೆಗ್‌ಹಾರ್ನ್. ಹೌದು, ನಮ್ಮ ಕೋಳಿ ಫಾರಂಗಳಲ್ಲಿ ಬಿಳಿ ಲೆಗ್‌ಹಾರ್ನ್ ಅಂತಾರಲ್ಲ, ಆ ತಳಿಗೆ ಹೆಸರು ಬಂದಿದ್ದು ಈ ಊರಿಂದಲೇ. ಅಲ್ಲಿನ ದೊರೆ ಮೊದಲನೇ ಫರ್ಡಿನಾಂಡೊ ಮೆಡಿಚಿ 1591ರಲ್ಲಿ, ಮತ್ತೆ 1593ರಲ್ಲಿ, ಯಾವ ದೇಶದ ವ್ಯಾಪಾರಿ ಬೇಕಾದರೂ ಬನ್ನಿ, ನೆಲೆಸಿ ಅಂತ ಆಹ್ವಾನ ಕೊಟ್ಟ. ಇಂಗ್ಲಿಷ್ ಹಡಗುಗಳಿಗೆ ಅದು ತವರುಮನೆ ಥರ ಆಯಿತು.

ಅಷ್ಟು ದೂರದಿಂದ ಬಂದ ಹಡಗು ಒಂದೇ ಲೋಡ್ ಇಳಿಸಿ ವಾಪಸ್ ಹೋದರೆ ಲೆಕ್ಕ ಗಿಟ್ಟಲ್ಲ. ಹಾಗಾಗಿ ಅಲ್ಲೇ ಲೋಕಲ್ ಟ್ರಿಪ್ ಹೊಡೆಯೋದೂ ಇತ್ತು. ಇಟಲಿಯವರ ಸರಕು, ಯಹೂದಿ ವರ್ತಕರ ಸರಕು, ಗ್ರೀಕರ ಸರಕು, ಯಾರದ್ದಾದರೂ ಸರಿ. ಆ ನೀರಲ್ಲಿ ಉತ್ತರ ಆಫ್ರಿಕಾದ ಕಡಲ್ಗಳ್ಳರ ಭಯ ಇತ್ತು. ಇಂಗ್ಲಿಷ್ ಹಡಗುಗಳಲ್ಲಿ ತೋಪುಗಳಿದ್ದವು. ಬಾಡಿಗೆ ಕೊಡೋನು ಜಾಗಕ್ಕೆ ಮಾತ್ರ ಅಲ್ಲ, ಭದ್ರತೆಗೂ ಸೇರಿಸಿ ಕೊಡ್ತಿದ್ದ.

ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ

ಲಾರಿಗೆ ಎಲ್.ಆರ್. ಇದ್ದ ಹಾಗೆ ಹಡಗಿಗೆ ಚಾರ್ಟರ್ ಪಾರ್ಟಿ. 'ಪಾರ್ಟಿ' ಅನ್ನೋದು ಇಲ್ಲಿ ಊಟದ ಪಾರ್ಟಿ ಅಲ್ಲ. ಮೂಲ ಪದದ ಅರ್ಥ 'ಭಾಗ ಮಾಡಿದ ಕಾಗದ'. ಒಂದೇ ಹಾಳೆಯಲ್ಲಿ ಒಪ್ಪಂದವನ್ನ ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಕತ್ತರಿಸ್ತಿದ್ದರು. ಒಂದು ತುಂಡು ವರ್ತಕನಿಗೆ, ಇನ್ನೊಂದು ಹಡಗಿನವನಿಗೆ. ನಾಳೆ ಜಗಳ ಆದರೆ ಎರಡನ್ನೂ ಜೋಡಿಸಿ ನೋಡಬೇಕು. ಹಲ್ಲಿಗೆ ಹಲ್ಲು ಕೂತರೆ ಅಸಲಿ, ಇಲ್ಲದಿದ್ದರೆ ನಕಲಿ. ಆ ಕಾಲದ ಒ.ಟಿ.ಪಿ. ಅಂದ್ಕೊಳ್ಳಿ.

ಅದರಲ್ಲಿ ಏನೇನು ಬರೀತಿದ್ದರು? ಯಾವ ಬಂದರಿಂದ ಯಾವ ಬಂದರಿಗೆ. ಟನ್ನಿಗೆ ಇಷ್ಟು, ಅಥವಾ ತಿಂಗಳಿಗೆ ಇಷ್ಟು, ಅಥವಾ ಇಡೀ ಟ್ರಿಪ್ಪಿಗೆ ಇಷ್ಟು ಬಾಡಿಗೆ. ಲೋಡ್ ಮಾಡೋಕೆ ಎಷ್ಟು ದಿನ. ಆ ದಿನ ಮೀರಿದರೆ ದಿನಕ್ಕೆ ಎಷ್ಟು ದಂಡ. ಇದನ್ನ ಡೆಮರೇಜ್ ಅಂತಾರೆ, ನಮ್ಮ ಹಾಲ್ಟಿಂಗ್ ಚಾರ್ಜೇ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು: ಸರಕು ಸರಿಯಾಗಿ ತಲುಪಿಸಿದ ಮೇಲೆ ಬಾಡಿಗೆ.

ಆ 'ಸರಿಯಾಗಿ' ಅನ್ನೋ ಒಂದು ಪದದಿಂದ ಎಷ್ಟು ಲಾಯರ್‌ಗಳ ಮನೆ ನಡೆದಿದೆಯೋ!

ಜಗಳ ಹುಟ್ಟೋ ಜಾಗಗಳು

ಮೊದಲನೇದು, ಕಾಯೋದು. ದ್ರಾಕ್ಷಿ ಕೊಯ್ಲು ಬೇಸಿಗೆ ಕೊನೆಗೆ. ಕಿತ್ತ ಮೇಲೆ ಬಿಸಿಲಲ್ಲಿ ಹರಡಿ ಒಣಗಿಸಬೇಕು. ನಡುವೆ ಒಂದು ಮಳೆ ಬಂದರೆ ಮುಗೀತು. ಹಡಗು ಬಂದು ಲಂಗರು ಹಾಕಿದೆ, ಮಾಲು ರೆಡಿ ಇಲ್ಲ. ಅಥವಾ ಮಾಲು ರೆಡಿ ಇದೆ, ರೇಟು ಇಳೀಲಿ ಅಂತ ವರ್ತಕನ ಏಜೆಂಟು ಕಾಯ್ತಿದ್ದಾನೆ. ಹಡಗಲ್ಲಿರೋ ಜನ ದಿನಾ ಊಟ ಮಾಡ್ತಾರೆ. ಆ ಖರ್ಚು ಯಾರದ್ದು?

ಎರಡನೇದು, ತಡವಾಗಿ ಬರೋದು. ಇಂಗ್ಲಿಷ್ ಹಡಗುಗಳು ಇಟಲಿಗೆ ತರ್ತಿದ್ದ ದೊಡ್ಡ ಸರಕು ಮೀನು: ಯಾರ್ಮತ್‌ನ ಹೆರಿಂಗ್, ನ್ಯೂಫೌಂಡ್‌ಲ್ಯಾಂಡ್‌ನ ಒಣ ಕಾಡ್ ಮೀನು. ಈಸ್ಟರ್‌ಗೆ ಮುಂಚಿನ 40 ದಿನ ಕ್ಯಾಥೊಲಿಕರು ಆ ಕಾಲದಲ್ಲಿ ಮಾಂಸ ತಿನ್ನದೆ ವ್ರತ ಮಾಡ್ತಿದ್ದರು, ಆಗ ಮೀನಿಗೆ ಭಾರೀ ಬೇಡಿಕೆ. ಹಡಗು ವ್ರತ ಮುಗಿದ ಮೇಲೆ ಬಂತು ಅಂದ್ಕೊಳ್ಳಿ. ದೀಪಾವಳಿ ಮಾರನೇ ವಾರ ಪಟಾಕಿ ಲೋಡ್ ಬಂದ ಹಾಗೆ. ಮೀನು ಚೆನ್ನಾಗಿದೆ, ಕೊಳ್ಳೋರಿಲ್ಲ. ವರ್ತಕ ಹೇಳ್ತಾನೆ, ನೀನು ದಾರೀಲಿ ಇನ್ನೊಂದು ಬಂದರಿಗೆ ಹೋಗಿ ಸ್ವಂತ ವ್ಯಾಪಾರ ಮಾಡಿದ್ದೀಯ ಅಂತ. ಕಪ್ತಾನ ಹೇಳ್ತಾನೆ, ಗಾಳಿ ಎದುರಾಯಿತು ಅಂತ. ಗಾಳಿಯನ್ನ ಸಾಕ್ಷಿಗೆ ಕರೆಯೋಕೆ ಆಗುತ್ತಾ?

ಮೂರನೇದು, ಡ್ಯಾಮೇಜ್. ಹಡಗಿನ ತಳದಲ್ಲಿ ಉಪ್ಪುನೀರು ಸೇರಿ ದ್ರಾಕ್ಷಿ ಹುಳಿ ಬಂತು. ಹಲಗೆ ಬಿರುಕು ಬಿಟ್ಟಿದ್ದು ಬಿರುಗಾಳಿಯಿಂದಲೋ, ಹಡಗು ಮೊದಲೇ ಹಳೇದಾಗಿತ್ತೋ? ಇದಕ್ಕೇ ಬುದ್ಧಿವಂತ ಕಪ್ತಾನರು ಬಂದರಿಗೆ ಕಾಲಿಟ್ಟ ತಕ್ಷಣ ನೋಟರಿ ಅಥವಾ ಕಾನ್ಸಲ್ ಹತ್ತಿರ ಓಡಿ, "ಇಂಥ ದಿನ ಇಂಥ ಬಿರುಗಾಳಿ, ನಮ್ಮ ತಪ್ಪಿಲ್ಲ" ಅಂತ ನಾವಿಕರ ಸಾಕ್ಷಿ ಸಮೇತ ಬರೆಸಿ ಇಡ್ತಿದ್ದರು.

ನಾಲ್ಕನೇದು, ನಮಗೆಲ್ಲ ಗೊತ್ತಿರೋದೇ: ಕ್ವಾರಂಟೈನ್. ಪ್ಲೇಗ್ ಇರೋ ಊರಿಂದ ಬಂದ ಹಡಗನ್ನ ವೆನಿಸ್‌ನಲ್ಲಾಗಲಿ ಲಿವೊರ್ನೊದಲ್ಲಾಗಲಿ ಒಳಗೆ ಬಿಡ್ತಿರಲಿಲ್ಲ. ಕ್ವಾರಂಟೈನ್ ಅನ್ನೋ ಪದಕ್ಕೆ ಮೂಲವೇ 'ನಲವತ್ತು' ಅನ್ನೋ ಇಟಾಲಿಯನ್ ಪದ. ಆ ದಿನಗಳಲ್ಲಿ ಹಡಗು ಇನ್ನೊಂದು ಟ್ರಿಪ್ ಹೊಡೀಬಹುದಿತ್ತು. ಆ ನಷ್ಟ ಯಾರ ತಲೆಗೆ?

ಇದರ ಮೇಲೆ ದುಡ್ಡಿನ ಗೊಂದಲ. ಒಪ್ಪಂದ ಒಂದು ನಾಣ್ಯದಲ್ಲಿ, ಕೊಡೋದು ಇನ್ನೊಂದರಲ್ಲಿ. ಸ್ಪೇನಿನ ಬೆಳ್ಳಿ ರಿಯಾಲ್, ವೆನಿಸ್‌ನ ಡುಕಾಟ್, ಇಂಗ್ಲೆಂಡಿನ ಪೌಂಡ್. ಯಾವ ದಿನದ ರೇಟು, ಯಾವ ಊರಿನ ರೇಟು ಅನ್ನೋದರಲ್ಲೇ ಲಾಭ ಹೋಗಿಬಿಡಬಹುದು.

ಒಂದು ಮಾತು ಗಮನಿಸಿ. ಸಲೀಸಾಗಿ ಹೋಗಿ ಬಂದ ಹಡಗು ಹೆಚ್ಚು ಕಾಗದ ಉಳಿಸಿ ಹೋಗಲ್ಲ. ಜಗಳ ಆಡಿದ ಹಡಗು ಕಟ್ಟುಕಟ್ಟು ಬಿಟ್ಟು ಹೋಗುತ್ತೆ. ಓದು ಬರಹ ಬಾರದ ನಾವಿಕ ಏನು ಹೇಳಿದ ಅಂತ ಇವತ್ತು ನಮಗೆ ಗೊತ್ತಾಗೋದು ಅವನು ಯಾವುದೋ ಕೇಸಲ್ಲಿ ಸಾಕ್ಷಿ ಹೇಳಿದ್ದರಿಂದ.

ಬಾಡಿಗೆಯೇ ಸಂಬಳದ ತಾಯಿ

ಇಲ್ಲಿವರೆಗೆ ಜಗಳ ವರ್ತಕ ಮತ್ತು ಕಪ್ತಾನರ ನಡುವೆ. ಇಬ್ಬರ ಕೈಯಲ್ಲೂ ಹಲ್ಲುಹಲ್ಲಿನ ಕಾಗದ ಇದೆ. ಮೂರನೆಯವನ ಕಥೆ?

ಇಂಗ್ಲಿಷ್ ಕಾನೂನಿನಲ್ಲಿ ಒಂದು ಹಳೇ ಸೂತ್ರ ಇತ್ತು: ಬಾಡಿಗೆಯೇ ಸಂಬಳದ ತಾಯಿ. ಕೇಳೋಕೆ ಚೆನ್ನಾಗಿದೆ, ಗಾದೆ ಥರ. ಅರ್ಥ ಏನಂದರೆ, ಹಡಗಿಗೆ ಬಾಡಿಗೆ ಬಂದರೆ ನಾವಿಕನಿಗೆ ಸಂಬಳ. ಬಾಡಿಗೆ ಹುಟ್ಟದಿದ್ದರೆ ಸಂಬಳವೂ ಹುಟ್ಟಲ್ಲ. ಹಡಗು ಮುಳುಗಿತು, ನೀನು ಈಜಿ ದಡ ಸೇರಿದೆ, ಎಂಟು ತಿಂಗಳು ದುಡಿದಿದ್ದೀಯ. ಸಂಬಳ? ಇಲ್ಲ. ಕಡಲ್ಗಳ್ಳರು ಹಡಗು ಹಿಡಿದರು. ಸಂಬಳ? ಇಲ್ಲ.

17ನೇ ಶತಮಾನದ ಕೊನೆಭಾಗದಲ್ಲಿ, ಯುದ್ಧ ಇಲ್ಲದ ಕಾಲದಲ್ಲಿ, ಸಾಮಾನ್ಯ ನಾವಿಕನ ಸಂಬಳ ತಿಂಗಳಿಗೆ ಹೆಚ್ಚುಕಡಿಮೆ 20ರಿಂದ 25 ಶಿಲಿಂಗ್. ಅಂದರೆ ಒಂದು ಪೌಂಡಿನ ಆಸುಪಾಸು. ಅದು ಕೈಗೆ ಬರೋದು ಸಾಮಾನ್ಯವಾಗಿ ಟ್ರಿಪ್ಪಿನ ಕೊನೆಗೆ. ಅಲ್ಲಿವರೆಗೆ ಊರಲ್ಲಿ ಹೆಂಡತಿ ಅಂಗಡೀಲಿ ಸಾಲ ಮಾಡಿರ್ತಾಳೆ.

ಸಮರ್ಥಿಸೋರು ಏನು ಹೇಳ್ತಿದ್ದರು ಗೊತ್ತಾ? ಸಂಬಳ ಖಾತ್ರಿ ಆದರೆ ಬಿರುಗಾಳಿ ಬಂದಾಗ ನಾವಿಕರು ಹಡಗು ಉಳಿಸೋಕೆ ಹೆಣಗಾಡಲ್ಲ, ದೋಣಿ ಹತ್ತಿ ಓಡಿಹೋಗ್ತಾರೆ ಅಂತ. ಇವತ್ತಿನ ಭಾಷೆಯಲ್ಲಿ ಇನ್ಸೆಂಟಿವ್. ನನಗಿರೋ ತಕರಾರು ಇಷ್ಟೇ: ನಷ್ಟದಲ್ಲಿ ಪಾಲುದಾರ ಅಂದಮೇಲೆ ಲಾಭದಲ್ಲೂ ಪಾಲು ಕೊಡಬೇಕಲ್ವಾ? ದ್ರಾಕ್ಷಿ ಡಬಲ್ ರೇಟಿಗೆ ಮಾರಿದ ವರ್ಷ ಅವನ ಸಂಬಳ ಡಬಲ್ ಆಗ್ತಿರಲಿಲ್ಲ.

ಮುಳುಗದೆ ಇದ್ದರೂ ಕತ್ತರಿ ತಪ್ತಿರಲಿಲ್ಲ. ಎಡ್ವರ್ಡ್ ಬಾರ್ಲೊ ಅಂತ ಒಬ್ಬ ನಾವಿಕ ಇದ್ದ. 1642ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಬಡ ಮನೆಯಲ್ಲಿ ಹುಟ್ಟಿ, 1659ರಲ್ಲಿ ಸಮುದ್ರಕ್ಕಿಳಿದು, 40 ವರ್ಷದಷ್ಟು ಕಾಲ ಹಡಗುಗಳಲ್ಲೇ ಕಳೆದ. ಮೆಡಿಟರೇನಿಯನ್‌ನಲ್ಲೂ ಓಡಾಡಿದ. ಅವನು ಚಿತ್ರ ಸಮೇತ ಬರೆದಿಟ್ಟ ದಿನಚರಿ ಈಗಲೂ ಇಂಗ್ಲೆಂಡಿನ ಗ್ರೀನಿಚ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವನ ಕಹಿ ದೂರುಗಳಲ್ಲಿ ಒಂದು ಇದೇ: ಸರಕು ಕೆಟ್ಟರೆ ಆ ನಷ್ಟವನ್ನ ಬಡ ನಾವಿಕರ ಸಂಬಳದಲ್ಲಿ ಮುರ್ಕೊಳ್ತಾರೆ ಅಂತ. ಇದನ್ನ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಆ ಐದು ಟೈಲ್ಸ್ ಬಾಕ್ಸ್.

ಈ ಬಾರ್ಲೊ ಮುಂದೆ ನಮ್ಮ ಕಡಲಿಗೂ ಬಂದ. 1697ರಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಕ್ಯಾಪ್ಟನ್ ಕಿಡ್ ಯಾತ್ರಿಕರ ಹಡಗುಗಳ ಮೇಲೆ ಬಿದ್ದಾಗ ಅವನನ್ನ ಓಡಿಸಿದ ಈಸ್ಟ್ ಇಂಡಿಯಾ ಕಂಪನಿಯ 'ಸೆಪ್ಟರ್' ಹಡಗನ್ನ ನಡೆಸ್ತಿದ್ದವನು ಇವನೇ. ಅದೇ ವರ್ಷ ಆ ಕಿಡ್ ನಮ್ಮ ಕಾರವಾರಕ್ಕೂ ಬಂದಿದ್ದ. ಕಿಡ್‌ನ ಜನರಿಗಿದ್ದ ಕರಾರು, ಬೇಟೆ ಸಿಕ್ಕರೆ ಪಾಲು, ಇಲ್ಲದಿದ್ದರೆ ಏನೂ ಇಲ್ಲ. ಬಾಡಿಗೆ ಬಂದರೆ ಸಂಬಳ ಅನ್ನೋದಕ್ಕೂ ಇದಕ್ಕೂ ಅಂತರ ಎಷ್ಟು ಅಂತ ನೀವೇ ಯೋಚಿಸಿ.

ಒಂದು ಮೊಳೆ ಉಳಿದರೂ

ಈಗ ಮತ್ತೆ ಮೆಡಿಟರೇನಿಯನ್‌ಗೆ. ಆ ಸಮುದ್ರಕ್ಕೆ ಅದರದ್ದೇ ಕಾನೂನಿನ ಪರಂಪರೆ ಇತ್ತು. ಬಾರ್ಸಿಲೋನಾ ಕಡೆಯ ಕ್ಯಾಟಲನ್ ಭಾಷೆಯಲ್ಲಿ ಮಧ್ಯಯುಗದಲ್ಲಿ ಸೇರಿಸಿಟ್ಟ ಕಡಲ ನಿಯಮಗಳ ಸಂಗ್ರಹ ಬಹಳ ಬಂದರುಗಳಲ್ಲಿ ಮಾನ್ಯವಾಗಿತ್ತು. ಅದರಲ್ಲಿ ಹೆಸರುವಾಸಿಯಾದ ಒಂದು ಮಾತು: ಹಡಗಿನಲ್ಲಿ ಒಂದೇ ಒಂದು ಮೊಳೆ ಉಳಿದಿದ್ದರೂ ಅದರಿಂದ ನಾವಿಕನ ಸಂಬಳ ತೀರಿಸಬೇಕು ಅನ್ನೋ ಅರ್ಥದ್ದು. ಅಂದರೆ ಸಾಲಗಾರರ ಸಾಲಿನಲ್ಲಿ ನಾವಿಕ ಮೊದಲು.

ವೆನಿಸ್‌ನಲ್ಲಿ ಪರದೇಶಿಯರಿಗೆ ಅಂತಲೇ ಒಂದು ಕೋರ್ಟ್ ಇತ್ತು, ಜುದಿಚಿ ದೆಲ್ ಫೋರೆಸ್ತಿಯೆರ್. ಹೆಸರಿನ ಅರ್ಥವೇ 'ಪರದೇಶಿಯರ ನ್ಯಾಯಾಧೀಶರು'. ಹಡಗು ಬಾಡಿಗೆ ಕೇಸುಗಳು ಅಲ್ಲಿಗೆ ಹೋಗ್ತಿದ್ದವು. ಜೊತೆಗೆ ನಾವಿಕರ ಸಂಬಳದ ಕೇಸುಗಳೂ. ವಿಚಾರಣೆ ಬೇಗ, ಖರ್ಚು ಕಡಿಮೆ. ಇಂಗ್ಲಿಷ್ ನಾವಿಕರು ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡರು. ಭಾಷೆ ಬರದ ಊರು, ಬೇರೆ ಧರ್ಮದ ಊರು, ಆದರೂ ತಮ್ಮದೇ ಇಂಗ್ಲಿಷ್ ಕಪ್ತಾನನ ಮೇಲೆ ಅಲ್ಲಿ ಹೋಗಿ ಕೇಸು ಹಾಕಿದರು.

ಕಪ್ತಾನರಿಗೆ ಇದು ತಲೆನೋವು. "ಒಪ್ಪಂದ ಆಗಿದ್ದು ಇಂಗ್ಲೆಂಡಿನಲ್ಲಿ, ಕೇಸೂ ಅಲ್ಲೇ ಹಾಕ್ಲಿ" ಅನ್ನೋದು ಅವರ ವಾದ. ಅದರ ಹಿಂದಿನ ಲೆಕ್ಕ ಸುಲಭ: ಊರು ಸೇರೋದಕ್ಕೆ ಇನ್ನೂ ತಿಂಗಳುಗಟ್ಟಲೆ ಇದೆ, ಅಷ್ಟರಲ್ಲಿ ಅವನ ಸಿಟ್ಟು ಇಳಿದಿರುತ್ತೆ, ಅಥವಾ ಅವನೇ ಇರಲ್ಲ.

ಯುದ್ಧದಲ್ಲಂತೂ ಇದು ಇನ್ನೂ ಜೋರಾಯಿತು. 1645ರಿಂದ 1669ರವರೆಗೆ ಕ್ರೀಟ್ ದ್ವೀಪಕ್ಕಾಗಿ ವೆನಿಸ್ ಮತ್ತು ಟರ್ಕಿಯ ಒಟ್ಟೊಮನ್ನರ ನಡುವೆ ಯುದ್ಧ ನಡೆಯಿತು. ವೆನಿಸ್ ಸರಕಾರ ಇಂಗ್ಲಿಷ್, ಡಚ್ ವ್ಯಾಪಾರಿ ಹಡಗುಗಳನ್ನ ತೋಪು, ಜನ ಸಮೇತ ಬಾಡಿಗೆಗೆ ತಗೊಂಡಿತು. ಸರಕಾರಿ ಗುತ್ತಿಗೆ ಅಂದರೆ ಗೊತ್ತಲ್ಲ, ಬಿಲ್ ಪಾಸ್ ಆಗೋದು ತಡ. ಸರಕಾರ ಬಾಡಿಗೆ ಬಾಕಿ ಇಡುತ್ತೆ, ಮಾಲೀಕ ಅದನ್ನೇ ತೋರಿಸಿ ಸಂಬಳ ಬಾಕಿ ಇಡ್ತಾನೆ. ತೋಪಿನ ಎದುರು ನಿಂತವನು ಮಾತ್ರ ಇಬ್ಬರ ಬಾಗಿಲಿಗೂ ಅಲೀಬೇಕು.

ಚೀಪ್‌ಸೈಡ್ ಬೀದಿಯ ಸಮುದ್ರ

ಹಾಗಾದರೆ ಲಂಡನ್‌ನಲ್ಲಿ ನ್ಯಾಯ ಸಿಗ್ತಿರಲಿಲ್ವಾ? ಸಿಗ್ತಿತ್ತು. ಆದರೆ ಅಲ್ಲಿ ಕೋರ್ಟುಗಳ ನಡುವೆಯೇ ಜಗಳ. ಕಡಲ ವ್ಯವಹಾರಕ್ಕೆ ಹೈ ಕೋರ್ಟ್ ಆಫ್ ಅಡ್ಮಿರಾಲ್ಟಿ ಇತ್ತು. ಅಲ್ಲಿ ಹತ್ತು ನಾವಿಕರು ಸೇರಿ ಒಂದೇ ಕೇಸು ಹಾಕಬಹುದು, ಹಡಗನ್ನೇ ಜಪ್ತಿ ಮಾಡಿಸಬಹುದು. ಬಡವನಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಇಲ್ಲ, ಯಾಕಂದರೆ ಕಪ್ತಾನ ಓಡಿಹೋಗಬಹುದು, ಹಡಗು ಕಟ್ಟಿಹಾಕಿದರೆ ಎಲ್ಲೂ ಹೋಗಲ್ಲ.

ಆದರೆ ನೆಲದ ಮೇಲಿನ ಸಾಮಾನ್ಯ ಕೋರ್ಟುಗಳು ಈ ಕೇಸುಗಳನ್ನ ಕಿತ್ಕೊಳ್ಳೋಕೆ ನೋಡ್ತಿದ್ದವು. ನೆಲದ ಮೇಲೆ ಆದ ಒಪ್ಪಂದ ಮಾತ್ರ ಅವುಗಳ ವ್ಯಾಪ್ತಿಗೆ ಬರ್ತಿತ್ತು. ಅದಕ್ಕೆ ಲಾಯರ್‌ಗಳು ಒಂದು ಉಪಾಯ ಹುಡುಕಿದರು. ವಿದೇಶದ ಬಂದರಿನಲ್ಲಿ ಆದ ಒಪ್ಪಂದವನ್ನೂ "ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಆದದ್ದು" ಅಂತ ಕಾಗದದಲ್ಲಿ ಬರೆಯೋದು. ಸುಳ್ಳು ಅಂತ ಎಲ್ಲರಿಗೂ ಗೊತ್ತು. ಆದರೂ ಅದನ್ನ ಪ್ರಶ್ನೆ ಮಾಡೋ ಹಾಗಿಲ್ಲ. ಕೊನೆಗೆ ಬಾಡಿಗೆ ಒಪ್ಪಂದದ ಕೇಸುಗಳು ಬಹುಪಾಲು ಅಡ್ಮಿರಾಲ್ಟಿ ಕೈತಪ್ಪಿದವು. ನಾವಿಕರ ಸಂಬಳದ ಕೇಸು ಮಾತ್ರ ಅಲ್ಲೇ ಉಳಿಯೋಕೆ ಬಿಟ್ಟರು. ಬಡವರಿಗೆ ಅನುಕೂಲ ಅಂತ.

21ರಲ್ಲಿ 17

ಕಾಮರ್ಸ್ ಓದಿದವನಾಗಿ ನನಗೆ ಬಹಳ ಇಷ್ಟವಾದ ಒಂದು ಕೇಸು ಹೇಳ್ತೀನಿ. ಇದು ಸ್ವಲ್ಪ ಈಚಿನದು, ಮೆಡಿಟರೇನಿಯನ್ ಬಾಗಿಲಿನ ಹೊರಗಿನದು. ಆದರೆ ಅದೇ ಮೀನಿನ ವ್ಯಾಪಾರ.

1756ರಲ್ಲಿ ಒಂದು ಇಂಗ್ಲಿಷ್ ಹಡಗು ನ್ಯೂಫೌಂಡ್‌ಲ್ಯಾಂಡ್‌ನಿಂದ ಲಿಸ್ಬನ್‌ಗೆ 1,501 ಕ್ವಿಂಟಲ್ ಮೀನು ಹೊತ್ತು ಹೊರಟಿತು. ಬಾಡಿಗೆ ಕ್ವಿಂಟಲ್‌ಗೆ 2 ಶಿಲಿಂಗ್. 17 ದಿನ ಆಗಿತ್ತು, ಇನ್ನು 4 ದಿನದ ದಾರಿ. ಫ್ರೆಂಚರು ಹಿಡಿದರು. ಮೂರು ದಿನಕ್ಕೆ ಇನ್ನೊಂದು ಇಂಗ್ಲಿಷ್ ಹಡಗು ಅದನ್ನ ಬಿಡಿಸಿ ಇಂಗ್ಲೆಂಡಿನ ಬಿಡಿಫರ್ಡ್ ಬಂದರಿಗೆ ತಂದಿತು. ಬಿಡಿಸಿದವರ ಪಾಲು ಅರ್ಧ. ಈಗ ಪ್ರಶ್ನೆ: ಮೀನು ಲಿಸ್ಬನ್ ಸೇರಲೇ ಇಲ್ಲ. ಬಾಡಿಗೆ ಕೊಡಬೇಕಾ?

1759ರಲ್ಲಿ ತೀರ್ಪು ಕೊಟ್ಟವರು ಲಾರ್ಡ್ ಮ್ಯಾನ್ಸ್‌ಫೀಲ್ಡ್. ಹಳೇ ರೋಡ್ಸ್ ದ್ವೀಪದ ಕಡಲ ಕಾನೂನು, ನೇಪಲ್ಸ್‌ನ ರೊಕ್ಕೊ ಅನ್ನೋ ಪಂಡಿತ ಹಡಗು ಬಾಡಿಗೆ ಬಗ್ಗೆ ಬರೆದದ್ದು, ಎಲ್ಲ ನೋಡಿ ಹೇಳಿದರು: 21 ದಿನದ ದಾರಿಯಲ್ಲಿ 17 ದಿನ ಆಗಿದೆ, ಉಳಿದ ಅರ್ಧ ಮೀನಿನ ಮೇಲೆ 21ರಲ್ಲಿ 17 ಭಾಗ ಬಾಡಿಗೆ ಕೊಡಿ. ಲೆಕ್ಕ ಹಾಕಿ ನೋಡಿ. ಪೂರ್ತಿ ಬಾಡಿಗೆ 150 ಪೌಂಡ್ 2 ಶಿಲಿಂಗ್. ಅದರ ಅರ್ಧ 75 ಪೌಂಡ್ 1 ಶಿಲಿಂಗ್. ಅದರಲ್ಲಿ 21ನೇ 17 ಭಾಗ ಅಂದರೆ ಸುಮಾರು 60 ಪೌಂಡ್ 15 ಶಿಲಿಂಗ್. ಪೂರ್ತಿಯೂ ಅಲ್ಲ, ಸೊನ್ನೆಯೂ ಅಲ್ಲ. ಆದಷ್ಟು ಕೆಲಸಕ್ಕೆ ಅಷ್ಟು ದುಡ್ಡು.

ಹಡಗಿಗೆ ಈ ನ್ಯಾಯ ಸಿಕ್ಕಿತು. ನಾವಿಕನಿಗೆ? 'ಬಾಡಿಗೆಯೇ ತಾಯಿ' ಅನ್ನೋ ಸೂತ್ರವನ್ನ ಇಂಗ್ಲೆಂಡ್ ತೆಗೆದುಹಾಕಿದ್ದು 1854ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ. ಹಡಗಿನ ನಂತರ 95 ವರ್ಷ ಕಾಯಬೇಕಾಯಿತು.

ಈ ಕಥೆಯಲ್ಲಿ ಯಾರೂ ರಾಕ್ಷಸರಿಲ್ಲ. ವರ್ತಕನಿಗೂ ನಷ್ಟ ಆಗ್ತಿತ್ತು, ಕಪ್ತಾನನೂ ಸಾಲದಲ್ಲಿರ್ತಿದ್ದ. ಇಬ್ಬರ ಕೈಯಲ್ಲೂ ಕಾಗದ ಇತ್ತು, ಆದ್ದರಿಂದ ನಷ್ಟವನ್ನ ಕೆಳಗಿನವನಿಗೆ ದಾಟಿಸೋ ದಾರಿ ಇತ್ತು. ನಾವಿಕನ ಕೆಳಗೆ ಯಾರೂ ಇರಲಿಲ್ಲ, ಬರೀ ನೀರು. ಅವನಿಗೆ ನೆರವಾದದ್ದು ಯಾರದ್ದೋ ದಯೆ ಅಲ್ಲ. ಹತ್ತಿರದಲ್ಲೇ ಬಾಗಿಲು ತೆರೆದಿದ್ದ, ಕಡಿಮೆ ಖರ್ಚಿನ, ಬೇಗ ಮುಗಿಸೋ ಒಂದು ಕೋರ್ಟು.

ಆ ಡ್ರೈವರ್ ಅಣ್ಣನಿಗೆ ಅಂಥ ಬಾಗಿಲು ಎಲ್ಲಿದೆ ಅಂತ ನನಗೆ ಆವತ್ತು ಗೊತ್ತಿರಲಿಲ್ಲ. ಎಲ್.ಆರ್. ಮೇಲೆ ಗಾಡಿ ಬಂದ ಟೈಮು, ಗೇಟ್ ತೆರೆದ ಟೈಮು ಬರೆದು ಸೀಲ್ ಹಾಕಿಸ್ಕೊಳ್ಳಿ ಅಂತ ಆದರೂ ಹೇಳಬಹುದಿತ್ತು. ನಾನೂರು ವರ್ಷ ಹಿಂದಿನ ಕಪ್ತಾನರಿಗೆ ಗೊತ್ತಿದ್ದ ಬುದ್ಧಿ ಅದು. ಹೇಳಲಿಲ್ಲ. ಎಂಟ್ರಿ ಟೈಪ್ ಮಾಡಿ ಎಂಟರ್ ಒತ್ತಿದೆ.

ನಿಮ್ಮಲ್ಲಿ ಡೆಲಿವರಿ ಮಾಡೋರು, ಗಾಡಿ ಓಡಿಸೋರು ಇದ್ದರೆ ಟೈಮು ಬರೆದಿಟ್ಕೊಳ್ಳಿ, ಫೋಟೋ ತೆಗೆದಿಟ್ಕೊಳ್ಳಿ. ಮತ್ತೆ ನನ್ನ ಹಾಗೆ ಕೌಂಟರ್ ಆ ಕಡೆ ಕೂತಿರೋರು ಇದ್ದರೆ, ಎಂಟರ್ ಒತ್ತೋ ಮುಂಚೆ ಗೇಟ್ ಹಾಕಿದ್ದು ಯಾರು ಅಂತ ಒಂದು ಸಲ ಕೇಳಿ.